ಐವತ್ತೆಂಟು ಯೂನಿಟ್ಟಿನ ಮನೆ

ಬಚ್ಚಲುಮನೆಯ ದೀಪವನ್ನು ಆರಿಸದೆ ಮಲಗಿದವರು ಯಾರು ಎಂಬ ಪ್ರಶ್ನೆ ಆ ಮನೆಯ ಇತಿಹಾಸದಲ್ಲಿ ಇಂದಿಗೂ ಇತ್ಯರ್ಥವಾಗದೆ ಉಳಿದಿದೆ. ಒಂದು ಮಂಗಳವಾರ ಬೆಳಿಗ್ಗೆ ಆರೂವರೆಗೆ ಮನೆಯ ಯಜಮಾನ ಹಲ್ಲುಜ್ಜಲು ಹೋದಾಗ ದೀಪ ಉರಿಯುತ್ತಿತ್ತು. ಅವನು ಬ್ರಷ್ಷನ್ನು ಕೆಳಗಿಟ್ಟ, ದೀಪ ಆರಿಸಿದ, ಹಾಲಿಗೆ ಬಂದು ನಿಂತು ಮಲಗಿದ್ದವರನ್ನೆಲ್ಲ ಎಬ್ಬಿಸಿದ. ಒಂಬತ್ತು ವ್ಯಾಟ್, ಏಳು ಗಂಟೆ. ಒಂದು ಯೂನಿಟ್ಟಿನ ಹದಿನಾರನೇ ಒಂದು ಪಾಲು, ಯಾರ ಮುಖವನ್ನೂ ಬೆಳಗದೆ, ಖಾಲಿ ಬಕೆಟ್ಟಿನ ಮೇಲೆ ಸುರಿದು ಹೋಗಿತ್ತು.

"ಯಾರು?" ಎಂದ.

"ನಾನಂತೂ ರಾತ್ರಿ ಏಳೋದೇ ಇಲ್ಲ ಕಣೋ" ಎಂದಳು ಅವನ ತಾಯಿ. ಇದು ನಿಜವಲ್ಲ. ಅವಳು ಮೂರು ಸಲ ಏಳುತ್ತಾಳೆ.

"ನಾನು ಕತ್ತಲಲ್ಲೇ ತಡಕಾಡ್ಕೊಂಡು ಹೋಗ್ತೀನಪ್ಪ, ನಿನ್ನ ಭಯಕ್ಕೆ" ಎಂದು ಮಗಳು ಹೊದಿಕೆಯೊಳಗಿಂದಲೇ ಹೇಳಿಕೆ ಕೊಟ್ಟಳು.

ಹೆಂಡತಿ ಐದಕ್ಕೇ ಎದ್ದು ಕಿಟಕಿಯ ಬೆಳಕಿನಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದಳು. ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡಿದ್ದಳು. ಬಾಯಲ್ಲಿ ಗುಂಡುಸೂಜಿ ಇರುವ ಹೆಂಗಸನ್ನು ಯಾರೂ ಪಾಟೀಸವಾಲಿಗೆ ಒಳಪಡಿಸುವುದಿಲ್ಲ.

ಯಜಮಾನ ವಿದ್ಯುತ್ ಕಚೇರಿಯಲ್ಲಿ ಮೀಟರ್ ರೀಡರ್. ಇಪ್ಪತ್ತೆರಡು ವರ್ಷಗಳಿಂದ, ತಿಂಗಳಿಗೊಮ್ಮೆ, ನಾನೂರ ಹನ್ನೆರಡು ಮನೆಗಳ ಗೋಡೆಗೆ ಮುಖ ಮಾಡಿ ನಿಂತು, ಕಣ್ಣು ಕಿರಿದು ಮಾಡಿ, ಅಂಕಿ ಓದಿ, ಕೈಯಲ್ಲಿನ ಬಿಲ್ಲಿನ ಯಂತ್ರಕ್ಕೆ ಒತ್ತಿ, ಚೀಟಿ ಹರಿದು ಕೊಟ್ಟು ಮುಂದಕ್ಕೆ ಹೋಗುವುದು ಅವನ ಉದ್ಯೋಗ. ಇಂಥವನಿಗೆ ಮನುಷ್ಯರ ಬಗ್ಗೆ ಇರುವ ಅಭಿಪ್ರಾಯಗಳೆಲ್ಲ ಯೂನಿಟ್ಟಿನಲ್ಲೇ ಇರುತ್ತವೆ. "ಅವರು ಒಳ್ಳೆ ಜನ, ತೊಂಬತ್ತು ದಾಟಲ್ಲ" ಎನ್ನುತ್ತಾನೆ. ಬೀದಿಯಲ್ಲಿ ಯಾರದೋ ಮದುವೆಯ ಮಾತುಕತೆ ನಡೆದರೆ, "ಹುಡುಗನ ಮನೆ ಮುನ್ನೂರೈವತ್ತು ಓಡತ್ತೆ, ಯೋಚನೆ ಮಾಡಿ" ಎಂದು ಕೇಳದಿದ್ದರೂ ಹೇಳುತ್ತಾನೆ. ಬೀದಿಯವರು ಅವನಿಗೆ ಯೂನಿಟ್ಟಪ್ಪ ಎಂದು ಹೆಸರಿಟ್ಟಿದ್ದರು. ಅವನಿಗದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಆದರೆ ಹದಿನಾರನೇ ಒಂದು ಪಾಲಿಗೆ ಮನೆಮಂದಿಯನ್ನು ಎಬ್ಬಿಸುವಷ್ಟು ಅವನು ಕೆಟ್ಟಿರಲಿಲ್ಲ. ಅದಕ್ಕೆ ಬೇರೆ ಕಾರಣವಿತ್ತು.

ಕಾರಣ, ಬೀದಿಯ ಎದುರು ಸಾಲಿನಲ್ಲಿದ್ದ ಒಂದು ಕೋಣೆ. ಎಂಟಡಿ ಅಗಲ, ಹನ್ನೆರಡಡಿ ಉದ್ದ, ಮುಂದೆ ಎರಡು ಮೆಟ್ಟಿಲು, ಅರ್ಧಕ್ಕೆ ಬಂದು ಒಮ್ಮೆ ಸಿಕ್ಕಿಕೊಂಡು ಆಮೇಲೆ ಪೂರ್ತಿ ಏಳುವ ಷಟರ್. ಅಲ್ಲಿ ಮೊದಲು ಗಡಿಯಾರ ರಿಪೇರಿಯವನಿದ್ದ. ಜನ ಮೊಬೈಲಿನಲ್ಲಿ ಗಂಟೆ ನೋಡಲು ಶುರುಮಾಡಿದ ಮೇಲೆ ಅವನು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಜೇಬಿಗಿಟ್ಟುಕೊಂಡು ತಮ್ಮನ ಊರಿಗೆ ಹೋದ. ಕೋಣೆ ಖಾಲಿಯಾಯಿತು. ಹೊಲಿಗೆಯವಳಿಗೆ, ಎಂದರೆ ಯೂನಿಟ್ಟಪ್ಪನ ಹೆಂಡತಿಗೆ, ಆ ಕೋಣೆ ಬೇಕಾಗಿತ್ತು.

ಹದಿನಾರು ವರ್ಷಗಳಿಂದ ಅವಳು ಹಾಲಿನಲ್ಲೇ ಹೊಲಿಯುತ್ತಿದ್ದಳು. ಒಂದು ಕಡೆ ಅತ್ತೆಯ ಮಂಚ, ಇನ್ನೊಂದು ಕಡೆ ಟೀವಿ, ನಡುವೆ ಮೆಷಿನ್. ಅಳತೆ ಕೊಡಲು ಬಂದವರಿಗೆ ಮೂಲೆಯಲ್ಲಿ ಹಳೆಯ ಹಾಸಿನ ಪರದೆ. ಪರದೆ ಕಣ್ಣಿಗೆ ಅಡ್ಡವೇ ಹೊರತು ಬಾಯಿಗಲ್ಲ. ಮಂಚದ ಮೇಲಿಂದ ಅತ್ತೆ, "ಹೋದ ವರ್ಷಕ್ಕಿಂತ ಎರಡಿಂಚು ಏರಿದೀಯಲ್ಲೇ! ಚೆನ್ನಾಗಿದೆ ಬಿಡು, ಮುಂಚೆ ಬಡಕಲಾಗಿದ್ದೆ" ಎನ್ನುವಳು. ಪ್ರೀತಿಯಿಂದಲೇ ಎನ್ನುವಳು. ಬ್ಯಾಂಕಿನ ಕ್ಯಾಷಿಯರಮ್ಮ ಆ ಪ್ರೀತಿಯನ್ನು ತಡೆದುಕೊಳ್ಳಲಾರದೆ ನಾಲ್ಕು ಬೀದಿ ಆಚೆಯ ದರ್ಜಿಯ ಹತ್ತಿರ ಹೋದಳು. ಅವಳ ಹಿಂದೆ ಅವಳ ಇಬ್ಬರು ಅಕ್ಕತಂಗಿಯರೂ ಹೋದರು.

ಕೋಣೆಯ ಒಡತಿ ಪಕ್ಕದ ಔಷಧಿ ಅಂಗಡಿಯಮ್ಮ. ಮಾತ್ರೆ ಕತ್ತರಿಸಿ ಕೊಡುವಾಗ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ, ಮಾತೂ ಹಾಗೇ.

"ನೋಡಮ್ಮ, ನಿನ್ನ ಮುಖ ನೋಡಿ ಮೂರು ತಿಂಗಳು ಕಾಯ್ತೀನಿ. ಒಂದನೇ ತಾರೀಕಿಗೆ ಪೂರ್ತಿ ಮುಂಗಡ ತಂದಿಟ್ರೆ ಕೋಣೆ ನಿನ್ನದು. ಇಲ್ಲಾಂದ್ರೆ ಮೊಬೈಲ್ ಕವರ್ ಮಾರೋನೊಬ್ಬ ದಿನಾ ಬಂದು ನಮಸ್ಕಾರ ಹೊಡೀತಿದಾನೆ."

ಮುಂಗಡದ ಬಹುಪಾಲು ಹೊಲಿಗೆಯವಳ ಬ್ಯಾಂಕಿನಲ್ಲಿತ್ತು. ಹನ್ನೆರಡು ಸಾವಿರ ಕಡಿಮೆ ಬೀಳುತ್ತಿತ್ತು. ಅಣ್ಣನ ಹತ್ತಿರ ಕೇಳಲೇ ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಯೂನಿಟ್ಟಪ್ಪ ಕೈ ಎತ್ತಿದ.

"ಯಾರ ಹತ್ರಾನೂ ಕೇಳಬೇಡ. ಹನ್ನೆರಡು ಸಾವಿರ ಈ ಮನೆ ಒಳಗೇ ಇದೆ."

"ಎಲ್ಲಿದೆಯೋ?" ಎಂದಳು ತಾಯಿ. "ನನ್ನ ಮಂಚದ ಕೆಳಗಂತೂ ಇಲ್ಲ. ನಿನ್ನೆ ಗುಡಿಸಿದೀನಿ."

"ಸೋರ್ತಾ ಇದೆ ಅಮ್ಮಾ. ಎಲ್ಲಾ ಕಡೆ ಸಣ್ಣಸಣ್ಣದಾಗಿ ಸೋರ್ತಾ ಇದೆ. ಹಿಡೀಬೇಕು ಅಷ್ಟೇ."

ಹಿಡಿಯುವ ಕೆಲಸ ಮರುದಿನವೇ ಶುರುವಾಯಿತು. ಗೀಸರಿನ ಸ್ವಿಚ್ಚಿನ ಮೇಲೆ ಯೂನಿಟ್ಟಪ್ಪ ಅಂಟುಪಟ್ಟಿ ಹಚ್ಚಿದ. ಮಾಳಿಗೆಯ ಮೇಲೆ ಕಪ್ಪು ಬಣ್ಣದ ಎರಡು ಕ್ಯಾನಿನಲ್ಲಿ ನೀರು ತುಂಬಿ ಬಿಸಿಲಿಗಿಟ್ಟ. ಮಧ್ಯಾಹ್ನದ ಹೊತ್ತಿಗೆ ಅದು ಹದವಾಗಿ ಕಾಯುತ್ತಿತ್ತು, ಆದ್ದರಿಂದ ಅಜ್ಜಿಯ ಸ್ನಾನ ಮಧ್ಯಾಹ್ನಕ್ಕೆ ವರ್ಗವಾಯಿತು. ಅವನದು ಬೆಳಿಗ್ಗೆ ಆರೂಮುಕ್ಕಾಲಿಗೆ, ತಣ್ಣೀರಿನಲ್ಲಿ. ಬಿಸಿನೀರಿನ ಸ್ನಾನವೆಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ. ಹಬೆಯೊಳಗಿಂದ ಕೆಂಪಗಾಗಿ ಹೊರಬಂದು ಐದು ನಿಮಿಷ ಯಾರನ್ನೂ ಬೈಯದೆ ಕೂರುತ್ತಿದ್ದವನು. ಈಗ ಮೊದಲ ಚೊಂಬಿಗೆ ಒಂದು ಕೂಗು ಕೇಳುತ್ತಿತ್ತು. ಆಮೇಲೆ ಹಲ್ಲು ಕಟಕಟ.

ಇಸ್ತ್ರಿ ಭಾನುವಾರ ಮಾತ್ರ, ಎಲ್ಲರದೂ ಒಂದೇ ಸಲ, ದಪ್ಪ ಬಟ್ಟೆ ಮೊದಲು, ಕೊನೆಯ ಎರಡು ಬಟ್ಟೆ ಸ್ವಿಚ್ ಆರಿಸಿದ ಮೇಲೆ ಉಳಿದ ಕಾವಿನಲ್ಲಿ. ಫ್ರಿಜ್ಜಿನ ಬಾಗಿಲು ತೆರೆಯುವ ಮುನ್ನ ಏನು ತೆಗೆಯಲಿದ್ದೇವೆ ಎಂದು ಬಾಯಿಬಿಟ್ಟು ಹೇಳಬೇಕು. "ಟೊಮೇಟೊ, ಎರಡು, ಕೆಳಗಿನ ಡಬ್ಬಿ" ಎಂದು ಪ್ರಮಾಣವಚನದಂತೆ ಹೇಳಿ ಮಗಳು ಬಾಗಿಲು ತೆಗೆಯುವಳು. ಅಜ್ಜಿಗೆ ಫ್ರಿಜ್ಜನ್ನು ಸುಮ್ಮನೆ ತೆರೆದು ನೋಡುವ ಅಭ್ಯಾಸವಿತ್ತು. "ಏನು ತಗೋತೀಯಮ್ಮ?" ಎಂದು ಮಗ ಕೇಳಿದರೆ, "ಏನೂ ಇಲ್ಲ, ಎಲ್ಲ ಇದೆಯೋ ಇಲ್ವೋ ಅಂತ ಮಾತಾಡಿಸೋಕೆ" ಎನ್ನುವಳು.

ಇದೆಲ್ಲ ಗದ್ದಲದ ಉಳಿತಾಯ. ಗದ್ದಲವಿಲ್ಲದ್ದನ್ನು ಅತ್ತೆ ಸೊಸೆ ಮಾಡುತ್ತಿದ್ದರು. ಶನಿವಾರ ಕೂತು, ಮನೆಯಲ್ಲಿರುವ ಡಬ್ಬಿಗಳನ್ನು ತೆರೆದು ನೋಡಿ, ಇರುವುದರಿಂದ ಏನು ಅಡುಗೆಯಾಗುತ್ತದೆ ಎಂದು ಮೊದಲು ಗೊತ್ತುಮಾಡಿ, ಆಮೇಲೆ ಇಲ್ಲದ್ದನ್ನು ಬರೆದುಕೊಳ್ಳುತ್ತಿದ್ದರು. ಆ ಚೀಟಿ ಹಿಡಿದು, ಹೊಟ್ಟೆ ತುಂಬಿಸಿಕೊಂಡೇ ಮಾರುಕಟ್ಟೆಗೆ ಹೋಗಬೇಕು ಎನ್ನುವುದು ಅಜ್ಜಿಯ ಕಾನೂನು. "ಹಸಿದವಳ ಕೈಗೆ ಚೀಲ ಕೊಟ್ರೆ ಅಂಗಡೀನೇ ತರ್ತಾಳೆ." ಹೋಗುವುದೂ ಅಂಗಡಿ ಮುಚ್ಚುವ ಹೊತ್ತಿಗೆ, ತರಕಾರಿಯವನು ತಕ್ಕಡಿ ಕೆಳಗಿಟ್ಟು ರಾಶಿಗಿಷ್ಟು ಎನ್ನುವಾಗ. ಕಾಳು ಹಿಂದಿನ ದಿನವೇ ನೆನೆಯುತ್ತಿತ್ತು. ಪಾತ್ರೆಗೆ ಮುಚ್ಚಳ ತಪ್ಪುತ್ತಿರಲಿಲ್ಲ. ಒಲೆಯನ್ನು ಐದು ನಿಮಿಷ ಮೊದಲೇ ಆರಿಸಿದರೆ ಉಳಿದದ್ದು ತನ್ನ ಹಬೆಯಲ್ಲೇ ಬೇಯುತ್ತಿತ್ತು. ಸೋಪಿನ ಚೂರುಗಳೆಲ್ಲ ಚಿಂದಿ ಬಟ್ಟೆಯಲ್ಲಿ ಹೊಲಿದ ಪುಟ್ಟ ಚೀಲಕ್ಕೆ ಬಿದ್ದು, ಚೀಲವೇ ಒಂದು ಸೋಪಾಯಿತು. ಬಟ್ಟೆ ಜಾಲಿಸಿದ ಕೊನೆಯ ನೀರು ನೆಲ ಒರೆಸಿತು.

ಹೊಲಿಗೆಯವಳ ಕೈಯಲ್ಲಿ ಇನ್ನೂ ಕೆಲವು ವಿದ್ಯೆಗಳಿದ್ದವು. ಗಂಡನ ಅಂಗಿಗಳ ಕಾಲರ್ ಸವೆದಿತ್ತು. ಬಿಚ್ಚಿ, ಮಗುಚಿ, ಮತ್ತೆ ಹೊಲಿದಳು. ನಾಲ್ಕು ಅಂಗಿ ಹೊಸದಾದವು. ನಡುವೆ ಜಾಳಾಗಿದ್ದ ಹಾಸುಗಳನ್ನು ಉದ್ದಕ್ಕೆ ಎರಡಾಗಿ ಸೀಳಿ, ಗಟ್ಟಿಯಿದ್ದ ಅಂಚುಗಳನ್ನು ನಡುವೆ ತಂದು ಜೋಡಿಸಿದಳು. "ಬೆನ್ನಿಗೆ ಗೆರೆ ಒತ್ತತ್ತೆ" ಎಂದಳು ಮಗಳು. "ನೆಟ್ಟಗೆ ಮಲಗಿದೀಯೋ ಇಲ್ವೋ ಅಂತ ಗೊತ್ತಾಗತ್ತೆ" ಎಂದಳು ಅಮ್ಮ.

ಮೊದಲ ತಿಂಗಳ ಕೊನೆಗೆ ಮೂರು ಸಾವಿರದ ಚಿಲ್ಲರೆ ಉಳಿದಿತ್ತು. ಅದರಲ್ಲಿ ಕರೆಂಟಿನದು ಎಷ್ಟು, ಅಡುಗೆಮನೆಯದು ಎಷ್ಟು ಎಂದು ಯಾರೂ ಬಿಡಿಸಿ ನೋಡಲಿಲ್ಲ. ನೋಡಿದ್ದರೆ ಯಜಮಾನನಿಗೆ ನೋವಾಗುತ್ತಿತ್ತು. ಮನೆಯ ಮೀಟರ್ ನೂರ ನಲವತ್ತರಿಂದ ಎಂಬತ್ತೊಂದಕ್ಕೆ ಇಳಿದದ್ದನ್ನು ಅವನು ಹತ್ತು ಜನಕ್ಕೆ ಹೇಳಿಯಾಗಿತ್ತು.

"ಇನ್ನೂ ಇಳಿಸಬಹುದು" ಎಂದ ಎರಡನೇ ತಿಂಗಳ ಮೊದಲ ದಿನ. ಸುತ್ತ ಕಣ್ಣು ಹಾಯಿಸಿದ. ಹಾಯಿಸಿದ ಕಣ್ಣು ಮೆಷಿನ್ನಿನ ಬದಿಗಿದ್ದ ಮೋಟಾರಿನ ಮೇಲೆ ಬಂದು ಕೂತಿತು. ಮುಷ್ಟಿಯಷ್ಟು ದೊಡ್ಡದು, ಕಪ್ಪಗೆ, ನಿರಪರಾಧಿಯಂತೆ ಕಾಣುತ್ತಿತ್ತು.

"ಇದು ನೂರು ವ್ಯಾಟ್. ದಿನಕ್ಕೆ ಆರು ಗಂಟೆ ಅಂದ್ರೂ ತಿಂಗಳಿಗೆ ಹದಿನೆಂಟು ಯೂನಿಟ್. ಕೆಳಗೆ ಪೆಡಲ್ ಇದ್ದೇ ಇದೆಯಲ್ಲ? ಕಾಲಿಗೂ ಒಳ್ಳೇದು."

ಅವಳು ಗಂಡನ ಮುಖ ನೋಡಿದಳು. ತಣ್ಣೀರಿನ ಸ್ನಾನ ಮಾಡಿ ಬಂದಿದ್ದ. ತುಟಿ ಇನ್ನೂ ನೀಲಿಯಾಗಿತ್ತು. "ಬಿಚ್ಚಿ ಇಡಿ" ಎಂದಳು.

ಮೋಟಾರ್ ಕಪಾಟಿನ ತಲೆಯ ಮೇಲೆ ಹೋಯಿತು. ಮೆಷಿನ್ನಿನ ಝುಂಯ್ ಸದ್ದು ಹೋಗಿ ಟಕಟಕ ಬಂತು. ಅವಳು ಏಳಕ್ಕೆ ಬದಲು ಐದಕ್ಕೆ ಏಳತೊಡಗಿದಳು.

ಮೂರನೇ ತಿಂಗಳ ಐದನೇ ತಾರೀಕು ಯೂನಿಟ್ಟಪ್ಪ ತಮ್ಮ ಬೀದಿಯ ರೀಡಿಂಗಿಗೆ ಬಂದ. ತಮ್ಮ ಮನೆಯ ಮೀಟರಿನ ಮುಂದೆ ನಿಂತಾಗ ಕಾಲೇಜಿಗೆ ಹೊರಟಿದ್ದ ಮಗಳೂ ಜೊತೆಗೆ ನಿಂತಳು. ಐವತ್ತೆಂಟು. ಫ್ರಿಜ್ಜಿರುವ, ನಾಲ್ಕು ಜನರಿರುವ ಮನೆ, ಐವತ್ತೆಂಟು. ಅವನ ಕಣ್ಣಲ್ಲಿ ನೀರು ಬಂದದ್ದು ಬಿಸಿಲಿಗಲ್ಲ.

ಆಮೇಲೆ ಯಂತ್ರ ಕಿರ್ ಎಂದಿತು.

ಕಚೇರಿಯ ಒಂದು ನಿಯಮವಿದೆ. ಯಾವುದೇ ಮನೆಯ ಬಳಕೆ ಕಳೆದ ಆರು ತಿಂಗಳ ಸರಾಸರಿಯ ಅರ್ಧಕ್ಕಿಂತ ಕಡಿಮೆ ಬಂದರೆ ರೀಡರ್ ಏಳನೇ ಸಂಖ್ಯೆ ಒತ್ತಬೇಕು. ಏಳು ಎಂದರೆ 'ಮೀಟರ್ ಸಂದೇಹಾಸ್ಪದ'. ಒತ್ತಿದರೆ ಮೀಟರಿನ ಪರೀಕ್ಷೆಯಾಗುತ್ತದೆ, ಪರೀಕ್ಷೆಯ ಶುಲ್ಕ ಒಂದೂವರೆ ಸಾವಿರ ಬಿಲ್ಲಿಗೆ ಸೇರುತ್ತದೆ. ಉಳಿದ ರೀಡರುಗಳು ಏಳನ್ನು ಕಂಡೂ ಕಾಣದವರಂತೆ ದಾಟಿಬಿಡುತ್ತಿದ್ದರು; ಯಾರಿಗೆ ಬೇಕು ತಂಟೆ? ಯೂನಿಟ್ಟಪ್ಪ ಇಪ್ಪತ್ತೆರಡು ವರ್ಷದಲ್ಲಿ ಒಂದು ಏಳನ್ನೂ ಬಿಟ್ಟವನಲ್ಲ. ಊರಿಗೆ ಹೋಗಿ ಬಂದವರಿಗೂ, ಮನೆಮಂದಿ ಆಸ್ಪತ್ರೆಯಲ್ಲಿದ್ದವರಿಗೂ, ತನ್ನ ಸ್ವಂತ ಚಿಕ್ಕಪ್ಪನಿಗೂ ಒತ್ತಿದ್ದ. ಚಿಕ್ಕಪ್ಪ ಮಾತು ಬಿಟ್ಟು ಆರು ವರ್ಷವಾಗಿತ್ತು.

ಮನೆಯ ಸರಾಸರಿ ನೂರ ಮೂವತ್ತು. ಅರ್ಧ ಅರವತ್ತೈದು.

ಅವನ ಬೆರಳು ಯಂತ್ರದ ಮೇಲೆ ನಿಂತಿತು.

"ಅಪ್ಪಾ, ಬೇಡ. ಅಮ್ಮನ ಅಂಗಡಿ ದುಡ್ಡು ಅದು."

"ಗೊತ್ತು."

"ಇದು ನಮ್ಮನೆ ಕಣಪ್ಪ!"

"ಯಂತ್ರಕ್ಕೆ ಗೊತ್ತಾಗತ್ತಾ ಯಾರ ಮನೆ ಅಂತ?"

"ಅದಕ್ಕೆ ಗೊತ್ತಾಗಲ್ಲ, ಅದಕ್ಕೇ ಹೇಳ್ತಿರೋದು!"

ಅವನು ಏಳು ಒತ್ತಿದ. ಚೀಟಿ ಹರಿದು, ಎಲ್ಲ ಮನೆಯವರಿಗೆ ಕೊಡುವ ಹಾಗೆ, ಬಾಗಿಲ ಸಂದಿಯಿಂದ ಒಳಗೆ ತೂರಿಸಿದ. ಬಾಗಿಲು ತೆರೆದೇ ಇತ್ತು.

ಹೊಲಿಗೆಯವಳು ಚೀಟಿ ಓದಿದಳು. ಇಡೀ ಒಂದು ದಿನ ಬಾಯಿಂದ ಗುಂಡುಸೂಜಿ ತೆಗೆಯಲಿಲ್ಲ. ಮಾರನೆಯ ದಿನ ಟೀ ಲೋಟ ಕೆಳಗಿಡುತ್ತ ಒಂದೇ ಮಾತು ಕೇಳಿದಳು: "ಮೀಟರ್ ಕೆಟ್ಟಿದ್ರೆ ಆ ದುಡ್ಡು ವಾಪಸ್ ಬರತ್ತಾ?"

"ಕೆಟ್ಟಿದ್ರೆ ಬರತ್ತೆ. ಸರಿಯಿದ್ರೆ ಇಲ್ಲ. ಆದ್ರೆ ನಮ್ಮ ಮೀಟರ್ ಕೆಟ್ಟಿಲ್ಲ" ಎಂದ, ಸ್ವಲ್ಪ ಹೆಮ್ಮೆಯಿಂದಲೇ.

"ಅಷ್ಟು ಗ್ಯಾರಂಟಿ ಇದ್ದ ಮೇಲೆ ಸಂದೇಹ ಅಂತ ಒತ್ತಿದ್ದು ಯಾಕೋ?" ಎಂದಳು ಅಜ್ಜಿ ಮಂಚದಿಂದ.

"ನಿಯಮ ಅಮ್ಮಾ" ಎಂದು ಅವನು ಯಂತ್ರ ಎತ್ತಿಕೊಂಡು ಕೆಲಸಕ್ಕೆ ಹೊರಟ.

ಇಪ್ಪತ್ತನೇ ತಾರೀಕು ಪರೀಕ್ಷಾ ವಿಭಾಗದ ಇಂಜಿನಿಯರಮ್ಮ ಬಂದಳು. ವಯಸ್ಸಿನಲ್ಲಿ ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಹುದ್ದೆಯಲ್ಲಿ ನಾಲ್ಕು ಮೆಟ್ಟಿಲು ಮೇಲೆ. ಕೈಯಲ್ಲಿ ತಂತಿಗಳು ನೇತಾಡುವ ಕರಿಯ ಪೆಟ್ಟಿಗೆ.

"ಸಾರ್, ನಿಮ್ಮ ಮನೆಗೆ ನೀವೇ ಏಳು ಒತ್ತಿದ್ರಂತೆ? ಕ್ಯಾಂಟೀನಲ್ಲಿ ಇದೇ ಮಾತು. ನಗ್ತಿದಾರೆ ಎಲ್ಲರೂ."

"ನಗಲಿ ಮೇಡಂ."

"ನಾನೂ ನಕ್ಕೆ ಸಾರ್, ಸುಳ್ಳು ಯಾಕೆ ಹೇಳ್ಲಿ." ಪೆಟ್ಟಿಗೆಯನ್ನು ಮೀಟರಿಗೆ ಜೋಡಿಸಿ ಹಾಲಿಗೆ ಬಂದಳು. "ಸರಿ, ಎಲ್ಲಾ ಹಾಕಿ."

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ ಸಾರ್. ನಿಯಮ ನಿಮಗೆ ಗೊತ್ತಿರೋದೇ. ಕನಿಷ್ಠ ಎರಡು ಕಿಲೋವ್ಯಾಟ್, ಪೂರ್ತಿ ಒಂದು ಗಂಟೆ."

ಯೂನಿಟ್ಟಪ್ಪ ಗೋಡೆಗೆ ಒರಗಿದ. ಅಜ್ಜಿ ಮಂಚದಿಂದ ಕಾಲು ಕೆಳಗಿಟ್ಟಳು.

"ಇದು ಸರ್ಕಾರದ ಮಾತಾ ಮಗಳೇ?"

"ಹೌದಜ್ಜಿ."

"ಹಾಗಾದ್ರೆ ಗೀಸರ್ ನಾನೇ ಹಾಕ್ತೀನಿ. ಅಂಟುಪಟ್ಟಿ ಕೀಳೋಕೆ ಎರಡು ತಿಂಗಳಿಂದ ಉಗುರು ಬೆಳೆಸಿದೀನಿ."

ಗೀಸರ್ ಹತ್ತಿತು. ಎರಡೂ ಫ್ಯಾನ್ ತಿರುಗಿದವು. ಟೀವಿ ಹತ್ತಿತು; ಅದರಲ್ಲಿ ಯಾರೋ ಅಡುಗೆ ಹೇಳಿಕೊಡುತ್ತಿದ್ದರು. ಮಗಳು ಇಸ್ತ್ರಿ ಪೆಟ್ಟಿಗೆ ಕಾಯಿಸಿ, ಬುಧವಾರ ನಡುಹಗಲಲ್ಲಿ, ಒಂದೇ ಒಂದು ಕರವಸ್ತ್ರವನ್ನು ಮನಸಾರೆ ಇಸ್ತ್ರಿ ಮಾಡಿದಳು. ಬಚ್ಚಲುಮನೆಯಿಂದ ಹಬೆಯೂ ಅದರ ಜೊತೆ ಅಜ್ಜಿಯ ಹಾಡೂ ಬಂದವು. ಯೂನಿಟ್ಟಪ್ಪ ಒಂದೊಂದು ಸ್ವಿಚ್ಚಿನ ಸದ್ದಿಗೂ ಮೈಯಲ್ಲಿ ಸೂಜಿ ಚುಚ್ಚಿಸಿಕೊಂಡವನಂತೆ ನಿಂತಿದ್ದ.

"ಆ ಕಪಾಟಿನ ಮೇಲಿರೋದು ಏನು?" ಎಂದಳು ಇಂಜಿನಿಯರಮ್ಮ.

"ಮೋಟಾರ್. ಹೊಲಿಗೆ ಮೆಷಿನ್ನಿಂದು."

"ಅದನ್ನೂ ಹಾಕಿ. ಕನೆಕ್ಷನ್ನಿಗೆ ನೀವು ಬರೆಸಿರೋ ಸಾಮಾನಿನ ಪಟ್ಟಿಯಲ್ಲಿದೆ."

ಅವನೇ ಸ್ಟೂಲ್ ಹತ್ತಿ ಇಳಿಸಿದ, ಧೂಳು ಒರೆಸಿದ, ಬೆಲ್ಟ್ ಏರಿಸಿದ. ಹೊಲಿಗೆಯವಳು ಕಾಲನ್ನು ಪೆಡಲಿನಿಂದ ತೆಗೆದು ಮೋಟಾರಿನ ಕಾಲೊತ್ತು ಸ್ವಿಚ್ಚಿನ ಮೇಲಿಟ್ಟಳು. ಝುಂಯ್.

ಇಪ್ಪತ್ತು ದಿನದಿಂದ ಕೆಳಗೆ ಬಿದ್ದಿದ್ದ ಬಟ್ಟೆಯ ಗಂಟಿನಿಂದ ಅವಳು ಮೊದಲ ಫ್ರಾಕ್ ಎತ್ತಿಕೊಂಡಳು. ಪಕ್ಕದ ಹೊಲಿಗೆ, ತೋಳು, ಅಂಚು. ಎರಡನೆಯದು. ಒಂದು ಪ್ಯಾಂಟಿನ ಕಾಲು ಎರಡಿಂಚು ಗಿಡ್ಡ. ಮೂರನೆಯ ಫ್ರಾಕ್. ತಲೆ ಎತ್ತಲಿಲ್ಲ. ನೂಲು ತುಂಡರಿಸಲು ಮಾತ್ರ ಬಾಗಿದಳು. ಇಂಜಿನಿಯರಮ್ಮ ಕುರ್ಚಿಯಲ್ಲಿ ಕೂತು ಟೀವಿಯ ಅಡುಗೆ ನೋಡುತ್ತ, ನಡುನಡುವೆ ಹೋಗಿ ಪೆಟ್ಟಿಗೆಯಲ್ಲಿ ಅಂಕಿ ನೋಡಿ ಬಂದಳು.

"ಆಯ್ತು. ಒಂದು ಗಂಟೆ. ಎಲ್ಲಾ ಆರಿಸಬಹುದು. ಸಾರ್, ನಿಮ್ಮ ಮೀಟರ್ ಸರಿಯಾಗಿದೆ. ವ್ಯತ್ಯಾಸ ಸೊನ್ನೆ ಪಾಯಿಂಟ್ ಎರಡು. ನಮ್ಮ ಆಫೀಸಿಂದೂ ಇಷ್ಟು ಸರಿಯಿಲ್ಲ."

"ನಾನು ಹೇಳ್ಲಿಲ್ವಾ?" ಎಂದ ಯೂನಿಟ್ಟಪ್ಪ. ಒಂದೂವರೆ ಸಾವಿರ ಹೋಯಿತು ಎಂದು ಆಮೇಲೆ ಹೊಳೆಯಿತು.

ಇಂಜಿನಿಯರಮ್ಮ ಸಹಿ ಹಾಕಿಸಿಕೊಂಡು ಹೋದಳು. ಟೀವಿ, ಫ್ಯಾನ್, ಇಸ್ತ್ರಿ ಪೆಟ್ಟಿಗೆ ಒಂದೊಂದಾಗಿ ಆರಿದವು. ಯೂನಿಟ್ಟಪ್ಪ ಮೋಟಾರಿನ ಪ್ಲಗ್ಗಿಗೆ ಕೈ ಹಾಕಿದ.

"ಅದನ್ನ ಮುಟ್ಟಬೇಡಿ."

ಮೆಷಿನ್ ನಿಲ್ಲಿಸದೆಯೇ ಹೇಳಿದಳು. ಅವನು ಕೈ ತೆಗೆದ.

ಫ್ರಾಕಿನ ಅಂಚು ಮುಗಿಸಿ, ನೂಲು ಕತ್ತರಿಸಿ, ಆಮೇಲೆ ಅವಳು ತಿರುಗಿದಳು. "ಈ ಒಂದು ಗಂಟೇಲಿ ಹೊಲಿದದ್ದು ನೋಡಿ. ಪೆಡಲಲ್ಲಿ ಇದು ಅರ್ಧ ದಿನದ ಕೆಲಸ. ಹೋದ ತಿಂಗಳು, ಈ ತಿಂಗಳು, ಎಷ್ಟು ಜನರನ್ನ ಆಗಲ್ಲ ಅಂತ ವಾಪಸ್ ಕಳಿಸಿದೀನಿ ಗೊತ್ತಾ? ನಿಮ್ಮ ಹದಿನೆಂಟು ಯೂನಿಟ್ ಉಳೀತು, ನಲವತ್ತು ಬಟ್ಟೆ ಹೋಯ್ತು. ಮೊನ್ನೆ ಬೇಕರಿಯವರು ಬಂದಿದ್ರು. ಹೊಸ ಬೇಕರಿ ತೆಗೀತಾರಂತೆ. ಅರವತ್ನಾಲ್ಕು ಏಪ್ರನ್, ಒಂದೊಂದಕ್ಕೂ ಟೊಪ್ಪಿ. ಹತ್ತು ದಿನದಲ್ಲಿ ಕಾಲಲ್ಲಿ ತುಳಿದು ಆಗತ್ತಾ ಅದು? ಆಗಲ್ಲ ಅಂದೆ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ನನ್ನ ಅಂಗಡಿಗೆ ಅಂತ ನೀವು ದಿನಾ ತಣ್ಣೀರು ಸುರ್ಕೋತಿದ್ರಿ. ಹಲ್ಲು ಕಟಕಟ ಅನ್ನೋದು ಇಲ್ಲಿವರೆಗೆ ಕೇಳ್ತಿತ್ತು. ಅಂಥ ಮನುಷ್ಯನ ಹತ್ರ, ನನಗೆ ಮಾತ್ರ ಮೋಟಾರ್ ಬೇಕು ಅನ್ನೋಕಾಗತ್ತಾ?"

ಅವನು ಬಟ್ಟೆಯ ರಾಶಿಯನ್ನೇ ನೋಡುತ್ತ ನಿಂತ. ಮನೆಯಲ್ಲಿ ಸೋರುವುದನ್ನೆಲ್ಲ ಹಿಡಿಯುವ ಭರದಲ್ಲಿ, ಒಳಗೆ ಹರಿದು ಬರುತ್ತಿದ್ದ ನಲ್ಲಿಯನ್ನೂ ಅವನು ಬಿಗಿಯಾಗಿ ತಿರುಗಿಸಿದ್ದ. ಅಂಕಿ ಓದುವುದೇ ಬದುಕಾದವನಿಗೆ ಇದು ಕಾಣದೆ ಹೋದದ್ದಕ್ಕೆ ಕಾರಣ ಸರಳ: ಮೀಟರ್ ಹೋಗುವುದನ್ನು ತೋರಿಸುತ್ತದೆ, ಬರುವುದನ್ನು ತೋರಿಸುವ ಮೀಟರ್ ಗೋಡೆಯ ಮೇಲಿರಲಿಲ್ಲ.

ಬಚ್ಚಲಿನಿಂದ ಅಜ್ಜಿ ಕೆಂಪಗಾಗಿ, ತಲೆಗೆ ಟವೆಲ್ ಸುತ್ತಿಕೊಂಡು ಬಂದಳು. "ಚೆನ್ನಾಗಿದೆ. ಇಬ್ಬರೂ ಸೇರಿ ಒಬ್ಬರಿಗೊಬ್ಬರು ಉಪಕಾರ ಮಾಡ್ಕೊಂಡು ನಡುವೆ ನನ್ನ ಬಿಸಿನೀರು ಕಳೆದ್ರಿ."

"ಬೇಕರಿಯವರಿಗೆ ಫೋನ್ ಮಾಡು" ಎಂದ ಯೂನಿಟ್ಟಪ್ಪ.

ಮೂರು ತಿಂಗಳಿಂದ ಉಳಿಸಿ ಇಟ್ಟಿದ್ದ ಒಂಬತ್ತು ಸಾವಿರದಲ್ಲಿ ಪರೀಕ್ಷೆಯ ಶುಲ್ಕ ಹೋಗಿ ಏಳೂವರೆ ಉಳಿದಿತ್ತು. ಬೇಕಾದ್ದು ಇನ್ನೂ ನಾಲ್ಕೂವರೆ ಸಾವಿರ, ಇದ್ದದ್ದು ಹತ್ತು ದಿನ. ಏಪ್ರನ್ ಮತ್ತು ಟೊಪ್ಪಿ ಸೇರಿ ಒಂದು ಜೊತೆಗೆ ಎಪ್ಪತ್ತೈದು ರೂಪಾಯಿ ಎಂದು ಬೇಕರಿಯವರು ಹೇಳಿದ್ದರು. ಮಗಳು ಮನಸ್ಸಿನಲ್ಲೇ ಗುಣಿಸಿ ನೋಡಿ, "ಸಾಕಾಗತ್ತೆ, ಮೇಲೊಂದಿಷ್ಟು ಮಿಗತ್ತೆ" ಎಂದಳು.

"ನೀವು ಆಗಲ್ಲ ಅಂದಿದ್ರಲ್ಲಕ್ಕ?" ಎಂದಿತು ಫೋನು.

"ಆಗ ಆಗ್ತಿರ್ಲಿಲ್ಲ. ಈಗ ಆಗತ್ತೆ."

"ಬೇರೆಯವರೆಲ್ಲ ಮುಂದಿನ ತಿಂಗಳು ಅಂತಿದಾರೆ. ನನಗೆ ಮೂವತ್ತಕ್ಕೆ ಕೈಯಲ್ಲಿರಬೇಕು. ಏನಾಯ್ತು, ಹೊಸ ಮೆಷಿನ್ ತಗೊಂಡ್ರಾ?"

"ಹಳೇದೇ ಅಣ್ಣ. ಕರೆಂಟ್ ಬಂತು."

ಬಟ್ಟೆ ಅದೇ ಸಂಜೆ ಬಂತು, ಕೆನೆ ಬಣ್ಣದ ಗಟ್ಟಿ ಹತ್ತಿ. ಹೊಲಿಗೆಯವಳು ಎಂಟೆಂಟು ಪದರ ಮಡಿಸಿ ಒಂದೇ ಏಟಿಗೆ ಕತ್ತರಿಸಿದಳು. ಬಟ್ಟೆಯಲ್ಲೂ ಒಂದಿಷ್ಟು ಉಳಿಯಿತು. ಅಜ್ಜಿಗೆ ಕಟ್ಟುವ ಪಟ್ಟಿಗಳನ್ನು ಮಗುಚುವ ಕೆಲಸ: ಹೊಲಿದ ಉದ್ದನೆಯ ಪಟ್ಟಿಯನ್ನು ಕಡ್ಡಿಯಿಂದ ತಿರುಗಿಸಿ ಒಳಗಿನದನ್ನು ಹೊರಗೆ ತರುವುದು. "ಇನ್ನೂ ನೂರ ಇಪ್ಪತ್ತಾ? ಈ ಬೇಕರಿಯವನು ಗುಂಡಿ ಹಾಕಿಸಿದ್ರೆ ಆಗ್ತಿರ್ಲಿಲ್ವಾ? ಸೊಂಟ ಅಳತೆ ತಗೊಂಡು ಬರ್ತಿದ್ದೆ" ಎಂದು ಗೊಣಗುತ್ತಲೇ ಮಗುಚಿದಳು. ಮಗಳು ಸಂಜೆ ಬಂದು ಟೊಪ್ಪಿಗಳಿಗೆ ಗುರುತು ಹಾಕುವಳು. ಯೂನಿಟ್ಟಪ್ಪ ರೀಡಿಂಗ್ ಮುಗಿಸಿ ಬಂದು, ಕನ್ನಡಕ ಏರಿಸಿ, ಹೆಂಡತಿಯ ಪಕ್ಕ ಕೂತು ತುದಿನೂಲುಗಳನ್ನು ಕತ್ತರಿಸುವನು. ಒಂದು ನೂಲನ್ನೂ ಬಿಡಲಿಲ್ಲ, ಏಳನ್ನು ಬಿಡದವನು ನೂಲನ್ನು ಬಿಡುತ್ತಾನೆಯೇ. ದಿನಕ್ಕೊಮ್ಮೆ ಎದ್ದು ಹೋಗಿ ಮೀಟರ್ ನೋಡಿ ಬರುತ್ತಿದ್ದ. ಆ ದಿನಗಳಲ್ಲಿ ಟೀಗೆ ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕಿಕೊಳ್ಳುತ್ತಿದ್ದ.

ಇಪ್ಪತ್ತೇಳರಂದು ಮೊಬೈಲ್ ಕವರಿನವನು ಎದುರಿನ ಕೋಣೆಗೆ ಟೇಪು ಹಿಡಿದು ಬಂದ. ಗೋಡೆ ಅಳೆದ, ಷಟರ್ ಅಳೆದ, ಮೆಟ್ಟಿಲ ಮೇಲೆ ನಿಂತು ಬೋರ್ಡ್ ಎಲ್ಲಿ ಬರಬೇಕೆಂದು ಗಾಳಿಯಲ್ಲಿ ಕೈಯಾಡಿಸಿದ. ಹೊಲಿಗೆಯವಳು ಕಿಟಕಿಯಿಂದ ನೋಡಿದಳು. ಮೆಷಿನ್ನಿನ ವೇಗ ಏರಿತು, ಒಂದು ಸೂಜಿ ಮುರಿಯಿತು. ಮಗಳು ಹೊಸ ಸೂಜಿ ತರಲು ಓಡಿದಾಗ ಔಷಧಿ ಅಂಗಡಿಯಮ್ಮ ಕೌಂಟರಿನಿಂದಲೇ ಕೂಗಿ ಹೇಳಿದಳು: "ನಿಮ್ಮಮ್ಮನಿಗೆ ಹೇಳು, ಅಳೆಯೋಕೆ ನಾನು ಯಾರಿಗೂ ದುಡ್ಡು ಕೇಳಲ್ಲ. ಅಳೆದ್ಕೊಳ್ಳಲಿ. ಒಂದನೇ ತಾರೀಕು ಅಂದ್ರೆ ಒಂದನೇ ತಾರೀಕು."

ಮೂವತ್ತರ ಮಧ್ಯಾಹ್ನ ಕೊನೆಯ ಟೊಪ್ಪಿ ಮುಗಿಯಿತು. ಬೇಕರಿಯವರು ನಾಲ್ಕಕ್ಕೆ ಬಂದರು. ದಪ್ಪನೆಯ, ಹಿಟ್ಟಿನ ವಾಸನೆಯ ಮನುಷ್ಯ. ಏಪ್ರನ್‌ಗಳನ್ನು ಎಣಿಸಿದರು, ಜೇಬಿನೊಳಗೆ ಕೈ ಹಾಕಿ ಎಳೆದು ನೋಡಿದರು, ಒಂದು ಟೊಪ್ಪಿಯನ್ನು ತಲೆಗಿಟ್ಟುಕೊಂಡು ಕನ್ನಡಿಯಲ್ಲಿ ಎರಡೂ ಕಡೆಯಿಂದ ನೋಡಿಕೊಂಡರು.

"ಚೆನ್ನಾಗಿದೆಯಕ್ಕ. ತುಂಬಾ ಚೆನ್ನಾಗಿದೆ. ದುಡ್ಡು ಹತ್ತನೇ ತಾರೀಕು ಕೊಟ್ಟುಬಿಡ್ತೀನಿ. ಈಗ ಹೊಸ ಒಲೆ, ಗಾಜು, ಬಣ್ಣ ಅಂತ ಕೈ ಬಿಗಿ."

ಯೂನಿಟ್ಟಪ್ಪ ಬಾಯಿ ತೆರೆದ. ಹೆಂಡತಿ ಅವನ ಕಡೆ ನೋಡಿದಳು, ಮುಚ್ಚಿದ.

"ಆಗಲಿ ಅಣ್ಣ" ಎಂದಳು ಅವಳು. ಗಂಟನ್ನು ಮಂಚದ ಮೇಲೆ, ಅತ್ತೆಯ ಪಕ್ಕಕ್ಕೆ ಸರಿಸಿದಳು. "ಹತ್ತನೇ ತಾರೀಕೇ ಬಂದು ಒಯ್ಯಿರಿ. ಜೋಪಾನವಾಗಿ ಇಟ್ಟಿರ್ತೀನಿ."

"ಅಯ್ಯೋ, ನಾಳೆ ತೆರೀತಿದೀನಿ!"

"ನಂದೂ ನಾಳೇನೇ."

ಬೇಕರಿಯವರು ಗಂಟನ್ನು ನೋಡಿದರು. ಗಂಟಿನ ಪಕ್ಕದಲ್ಲಿದ್ದ ಅಜ್ಜಿಯನ್ನು ನೋಡಿದರು. ಅಜ್ಜಿ ಗಂಟಿನ ಮೇಲೆ ಮೊಣಕೈ ಊರಿ, ಅವರ ಸೊಂಟವನ್ನೇ ಅಳೆಯುವ ಹಾಗೆ ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆಯುತ್ತಿದ್ದಳು ಕೂಡ. ಟೊಪ್ಪಿ ಇನ್ನೂ ತಲೆಯ ಮೇಲಿದ್ದ ಬೇಕರಿಯವರು ತುಸು ಹೊತ್ತು ಲೆಕ್ಕ ಹಾಕಿ, ನಕ್ಕು, ಒಳಜೇಬಿಗೆ ಕೈ ಹಾಕಿದರು.

ಒಂದನೇ ತಾರೀಕು ಬೆಳಿಗ್ಗೆ ಹತ್ತೂಕಾಲಿಗೆ ಹೊಲಿಗೆಯವಳು ಔಷಧಿ ಅಂಗಡಿಯಮ್ಮನಿಗೆ ಪೂರ್ತಿ ಮುಂಗಡ ಕೊಟ್ಟು, ರಶೀದಿ ತೆಗೆದುಕೊಂಡಳು. ಕೋಣೆ ಅವಳದಾಯಿತು.